ಜಿಂಜರ್‌ಬ್ರೆಡ್ ಮನೆಯ ಗೋಡೆ ಯಾಕೆ ಜಾರುತ್ತದೆ?

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಮಗಳಿಗೆ 7 ವರ್ಷ, ಮಗನಿಗೆ 4. ಕಳೆದ ಕ್ರಿಸ್‌ಮಸ್‌ಗೆ ಇಬ್ಬರೂ ಶುಂಠಿ ಬಿಸ್ಕತ್ತಿನ ಹಲಗೆಗಳಿಂದ ಕಟ್ಟುವ ಜಿಂಜರ್‌ಬ್ರೆಡ್ ಮನೆ ಬೇಕೇ ಬೇಕು ಅಂತ ಹಟ ಹಿಡಿದರು. ಒಂದು ಭಾನುವಾರ ಕೂತು ಮಾಡಿದೆವು. ಚಾವಣಿ ಇಟ್ಟ ಕೂಡಲೇ ಗೋಡೆ ಜಾರಿ ಎಲ್ಲ ಕುಸಿದು ಬಿತ್ತು. ಮಗ ಅತ್ತು ಅತ್ತು ಹಾಗೇ ಮಲಗಿಬಿಟ್ಟ. ನಾವು ಮೊಟ್ಟೆ ತಿನ್ನುವುದಿಲ್ಲ, ಅದಕ್ಕೇ ಸಕ್ಕರೆ ಪುಡಿಗೆ ನೀರು ಹಾಕಿ ಐಸಿಂಗ್ ಮಾಡಿದ್ದೆ. ಈ ಸಲ ನಿಲ್ಲುವಂಥ ಮನೆ ಮಾಡುವುದು ಹೇಗೆ? ಚಿಕ್ಕವನ ಕೈಗೂ ಕೆಲಸ ಸಿಗಬೇಕು.

ಉತ್ತರ: ‘ಒಂದು ಭಾನುವಾರ ಕೂತು ಮಾಡಿದೆವು’ ಅಂದಿರಲ್ಲ, ನಿಮ್ಮ ಮನೆ ಕುಸಿದದ್ದು ಅಲ್ಲೇ. ಹಿಟ್ಟು ಕಲಸುವುದು, ಬೇಯಿಸುವುದು, ಗೋಡೆ ನಿಲ್ಲಿಸುವುದು, ಚಾವಣಿ ಹೊದಿಸುವುದು, ಮಿಠಾಯಿ ಅಂಟಿಸುವುದು, ಇಷ್ಟೂ ಒಂದೇ ದಿನದಲ್ಲಿ ಮುಗಿಯುವ ಕೆಲಸ ಅಲ್ಲ. ನಾನು ನ್ಯೂರೆಂಬರ್ಗ್‌ನಲ್ಲಿ ಮಕ್ಕಳಿಗೆ ಬೇಕಿಂಗ್ ಹೇಳಿಕೊಡುತ್ತೇನೆ. ನವೆಂಬರ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ ಈ ಮನೆಗಳದ್ದೇ ಕೆಲಸ. ನಾನು ಕೂಡ ಇದಕ್ಕೆ ನಾಲ್ಕು ದಿನ ಇಟ್ಟುಕೊಳ್ಳುತ್ತೇನೆ. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ನಾಲ್ಕು ದಿನ ಬೇಕು. ನಾಲ್ಕು ವರ್ಷದ ಮಗು ಒಂದು ಕಡೆ ಕೂರುವುದೂ ಹೆಚ್ಚೆಂದರೆ ಅಷ್ಟೇ ಹೊತ್ತು ಅಲ್ವಾ.

ಇನ್ನೊಂದು ಕಾರಣ ಅಂಟು. ಸಕ್ಕರೆ ಪುಡಿಗೆ ಬರೀ ನೀರು ಹಾಕಿದರೆ ಅದು ಬಿಸ್ಕತ್ತಿನ ಮೇಲೆ ಚೆಂದಕ್ಕೆ ಸವರಲು ಆಗುತ್ತದೆ, ಗೋಡೆ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಹಿಡಿತ ಕೊಡುವುದು ಪ್ರೋಟೀನ್. ಎಲ್ಲರೂ ಮೊಟ್ಟೆಯ ಬಿಳಿ ಹಾಕುವುದು ಅದಕ್ಕೇ. ನಿಮಗೆ ಅದು ಬೇಡ, ಸರಿ, ಕಾಬೂಲಿ ಕಡಲೆ ಬೇಯಿಸಿದ ನೀರು ಅದೇ ಕೆಲಸ ಮಾಡುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತು. ಇಬ್ಬರು ಮಕ್ಕಳಿಗೆ ಒಂದು ದೊಡ್ಡ ಮನೆ ಮಾಡಬೇಡಿ. ಎರಡು ಸಣ್ಣ ಮನೆ ಮಾಡಿ. ಏಳು ವರ್ಷದವಳಿಗೆ ಕಿಟಕಿ, ಬಾಗಿಲು, ಹೂಕುಂಡ ಎಲ್ಲ ಅದರದರ ಜಾಗದಲ್ಲೇ ಬೇಕು, ನಾಲ್ಕು ವರ್ಷದವನಿಗೆ ಕೈಗೆ ಸಿಕ್ಕಿದ್ದನ್ನು ಕಂಡಲ್ಲಿ ಒತ್ತಬೇಕು. ಒಂದೇ ಮನೆ ಇದ್ದರೆ ಅಕ್ಕ ತಮ್ಮನ ಕೈ ತಳ್ಳುತ್ತಲೇ ಇರುತ್ತಾಳೆ. ಅದೂ ಅಲ್ಲದೆ ಸಣ್ಣ ಮನೆ ಬೀಳುವುದು ಕಡಿಮೆ, ಚಾವಣಿಯ ಭಾರವೇ ಕಡಿಮೆ ಇರುತ್ತದೆ.

ಅಳತೆ ಬರೆದುಕೊಳ್ಳಿ. ಪಕ್ಕದ ಗೋಡೆ ಎರಡು, ಒಂದೊಂದೂ 12 ಸೆಂ.ಮೀ. ಉದ್ದ, 8 ಸೆಂ.ಮೀ. ಎತ್ತರ. ಮುಂದಿನ ಗೋಡೆ ಮತ್ತು ಹಿಂದಿನ ಗೋಡೆ 10 ಸೆಂ.ಮೀ. ಅಗಲ, ಎರಡೂ ಅಂಚಿನಲ್ಲಿ 8 ಸೆಂ.ಮೀ. ಎತ್ತರ, ನಡುವೆ ತುದಿ 14 ಸೆಂ.ಮೀ.ಗೆ ಹೋಗಿ ಕೂಡಬೇಕು. ಚಾವಣಿ ಎರಡು ಹಲಗೆ, 14 ಸೆಂ.ಮೀ. ಉದ್ದ, 9.5 ಸೆಂ.ಮೀ. ಅಗಲ. ರಟ್ಟಿನಲ್ಲಿ ಕತ್ತರಿಸಿ, ಸೆಲ್ಲೊಟೇಪ್ ಹಚ್ಚಿ ಒಮ್ಮೆ ನಿಲ್ಲಿಸಿ ನೋಡಿ. ಇದನ್ನು ಮಗಳ ಹತ್ತಿರ ಮಾಡಿಸಿ. ಸ್ಕೇಲು, ಪೆನ್ಸಿಲ್ ಹಿಡಿದು ತಾನೇ ನಕ್ಷೆ ಬರೆದ ಮನೆ ಅಂದರೆ ಆ ವಯಸ್ಸಿಗೆ ಅದರ ಖುಷಿಯೇ ಬೇರೆ. ರಟ್ಟಿನ ಮನೆ ನಿಂತರೆ ಹಿಟ್ಟಿನ ಮನೆಗೂ ಅಳತೆ ಸರಿ ಅಂತ ಲೆಕ್ಕ.

ಗುರುವಾರ ಸಂಜೆ ಹಿಟ್ಟು ಕಲಸಿ. ಎರಡು ಮನೆಗೆ 750 ಗ್ರಾಂ ಮೈದಾ, ನಿಮ್ಮಲ್ಲಿ ಸಿಗುವ ಟೈಪ್ 405 ಹಿಟ್ಟು ಆದೀತು. 375 ಗ್ರಾಂ ಬೆಲ್ಲವನ್ನು 125 ಮಿ.ಲೀ. ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ. ಕರಗಿದರೆ ಸಾಕು, ಎಳೆ ಪಾಕ ಬರಬಾರದು, ಪಾಕ ಬಂದರೆ ಹಿಟ್ಟು ಮರುದಿನ ಕಲ್ಲಾಗುತ್ತದೆ. ಸೋಸಿ, ಅದಕ್ಕೆ 150 ಗ್ರಾಂ ಬೆಣ್ಣೆ ಹಾಕಿ, ಉಗುರುಬೆಚ್ಚಗಾದ ಮೇಲೆ ಮಸಾಲೆ ಸೇರಿಸಿ. ಸಣ್ಣ ಚಮಚದಲ್ಲಿ ಒಣಶುಂಠಿ ಪುಡಿ 3, ಚಕ್ಕೆ ಪುಡಿ 3, ಏಲಕ್ಕಿ 1, ಲವಂಗ ಅರ್ಧ, ಕಾಳುಮೆಣಸಿನ ಪುಡಿ ಅರ್ಧ, ಉಪ್ಪು ಅರ್ಧ, ಜಾಯಿಕಾಯಿ ಒಂದೆರಡು ಸಲ ತೇಯ್ದಷ್ಟು. ಬೆಲ್ಲ ಸಿಗದಿದ್ದರೆ ಕಂದು ಸಕ್ಕರೆ ಹಾಕಿ. ಆಮೇಲೆ ಮೈದಾ. ಬಿಸಿ ಇರುವಾಗ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ, ಆರಿದ ಮೇಲೆ ನಿಪ್ಪಟ್ಟಿನ ಹಿಟ್ಟಿನ ಹದಕ್ಕೆ ಬರಬೇಕು. ತೀರಾ ಗಟ್ಟಿ ಆದರೆ ಒಂದೊಂದೇ ಚಮಚ ಹಾಲು ಹಾಕಿ. ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಹಿಟ್ಟು ಚೆನ್ನಾಗಿ ನೆಂದರೆ ಲಟ್ಟಿಸಿದ ಮೇಲೆ ಕುಗ್ಗುವುದಿಲ್ಲ.

ಸೋಡಾ, ಬೇಕಿಂಗ್ ಪೌಡರ್ ಯಾವುದೂ ಬೇಡ. ತಿನ್ನುವ ಜಿಂಜರ್‌ಬ್ರೆಡ್‌ಗೂ ಕಟ್ಟುವ ಜಿಂಜರ್‌ಬ್ರೆಡ್‌ಗೂ ಇರುವ ವ್ಯತ್ಯಾಸ ಇದೇ. ಇಲ್ಲಿನ ಹಳೆಯ ಪಾಕವಿಧಾನಗಳಲ್ಲಿ ಹಿರ್ಶ್‌ಹಾರ್ನ್‌ಸಾಲ್ಟ್ ಅಂತ ಉಬ್ಬಿಸುವ ಉಪ್ಪು ಹೇಳಿರುತ್ತಾರೆ. ಅದು ಹಾಕಿದರೆ ಗೋಡೆ ಉಬ್ಬಿ ಅಂಚು ಸೊಟ್ಟಗಾಗುತ್ತದೆ, ಅಂಚು ಸೊಟ್ಟ ಆದರೆ ಗೋಡೆಗೆ ಗೋಡೆ ಕೂಡುವುದಿಲ್ಲ. ಬೆಣ್ಣೆ ಜಾಸ್ತಿ ಆದರೂ ಹಾಗೇ, ಒಲೆಯಲ್ಲಿ ಹರಡುತ್ತದೆ, ಆರಿದ ಮೇಲೆ ಪುಡಿಪುಡಿ. ಅಂಗಡಿಯ ನ್ಯೂರೆಂಬರ್ಗ್ ಲೇಬ್‌ಕೂಖನ್, ಅಂದರೆ ಇಲ್ಲಿನ ಜಿಂಜರ್‌ಬ್ರೆಡ್, ತಂದು ಗೋಡೆ ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಊರಿನ ಎಲೀಸನ್‌ಲೇಬ್‌ಕೂಖನ್‌ನಲ್ಲಿ ಬಾದಾಮಿ, ಹೇಜಲ್‌ನಟ್ ಧಾರಾಳ, ಹಿಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಾಯಲ್ಲಿಟ್ಟರೆ ಕರಗುತ್ತದೆ, ಮನೆ ಕಟ್ಟಲು ಬರುವುದಿಲ್ಲ.

ಹಿಟ್ಟು ಕಲಸುವಾಗ ಮಸಾಲೆಯ ಡಬ್ಬಿಗಳನ್ನು ಮಗನ ಮುಂದಿಡಿ. ಒಂದೊಂದನ್ನೇ ಮೂಸಲಿ, ಚಮಚದಲ್ಲಿ ತೆಗೆದು ಹಾಕಲಿ. ನಾನು ಹುಟ್ಟಿದ್ದು ಶಿರಸಿಯಲ್ಲಿ. ಅಂಗಳದಲ್ಲಿ ಮೆಣಸು ಒಣಗಿಸಿದ್ದು ನೋಡಿಕೊಂಡೇ ಬೆಳೆದವಳು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಈ ಹಿಟ್ಟಿನ ವಾಸನೆ ಮೂಗಿಗೆ ಬಡಿದಾಗ ಗಂಟಲು ಕಟ್ಟಿತ್ತು. ಜರ್ಮನಿಯ ಪೂರ್ವದಲ್ಲಿ ಇದನ್ನು ಫೆಫರ್‌ಕೂಖನ್ ಅನ್ನುತ್ತಾರೆ, ಅಂದರೆ ಮೆಣಸಿನ ಕೇಕು. ಹಿಂದಿನ ಕಾಲದಲ್ಲಿ ದೂರದೇಶದ ಮಸಾಲೆಗೆಲ್ಲ ಮೆಣಸು ಅನ್ನುವ ಹೆಸರೇ ನಡೆಯುತ್ತಿತ್ತು. ಆ ಮೆಣಸು ಬೆಳೆಯುತ್ತಿದ್ದದ್ದು ನಮ್ಮ ಪಡುವಣ ಘಟ್ಟದಲ್ಲಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ನ್ಯೂರೆಂಬರ್ಗ್ ವ್ಯಾಪಾರದ ದಾರಿಗಳು ಕೂಡುವ ಊರು, ಮಸಾಲೆ ಬರುತ್ತಿತ್ತು, ಸುತ್ತಲಿನ ಕಾಡಿನಲ್ಲಿ ಜೇನು ಬೇಕಾದಷ್ಟಿತ್ತು. ಹಾಗಾಗಿ 14ನೇ ಶತಮಾನದಿಂದಲೂ ಇಲ್ಲಿ ಲೇಬ್‌ಕೂಖನ್ ಮಾಡುತ್ತಿದ್ದಾರೆ. ನಿಮ್ಮ ಮಗಳಿಗೆ ಇದನ್ನು ಹೇಳಿ. ಶಾಲೆಯಲ್ಲಿ ಗೆಳತಿಯರಿಗೆ ಹೇಳಿಕೊಳ್ಳಲು ಅವಳಿಗೊಂದು ಕಥೆ ಸಿಗುತ್ತದೆ, ಅದೂ ನಿಜವಾದದ್ದು.

ಶುಕ್ರವಾರ ಬೇಯಿಸುವ ದಿನ. ಬೇಕಿಂಗ್ ಪೇಪರ್ ಮೇಲೆಯೇ ಲಟ್ಟಿಸಿ. ಹಿಟ್ಟಿನ ಎರಡೂ ಬದಿ ಒಂದೊಂದು ಪೆನ್ಸಿಲ್ ಇಟ್ಟು, ಲಟ್ಟಣಿಗೆಯನ್ನು ಪೆನ್ಸಿಲ್ ಮೇಲೆ ಓಡಿಸಿದರೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ, ಸುಮಾರು 6–7 ಮಿ.ಮೀ. ರಟ್ಟಿನ ಅಚ್ಚು ಇಟ್ಟು ಚಾಕುವಿನಲ್ಲಿ ಕತ್ತರಿಸಿ, ಸುತ್ತಲಿನ ಹಿಟ್ಟನ್ನು ತೆಗೆಯಿರಿ. ಗೋಡೆಯನ್ನು ಕೈಯಲ್ಲಿ ಎತ್ತಬೇಡಿ, ಎತ್ತಿದರೆ ಎಳೆದುಕೊಂಡು ಆಕಾರ ಕೆಡುತ್ತದೆ. ಪೇಪರ್ ಸಮೇತ ಟ್ರೇಗೆ ಜಾರಿಸಿ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ, ಫ್ಯಾನ್ ಇರುವ ಒಲೆಯಾದರೆ 160. ಅಂಚು ಒಂಚೂರು ಕಂದು ತಿರುಗಬೇಕು. ಹೊರಗೆ ತೆಗೆದ ಒಂದೆರಡು ನಿಮಿಷ ಅದು ಮೆತ್ತಗಿರುತ್ತದೆ. ಆಗಲೇ ಅಚ್ಚನ್ನು ಮತ್ತೆ ಮೇಲಿಟ್ಟು ಅಂಚುಗಳನ್ನು ನೇರಕ್ಕೆ ಕತ್ತರಿಸಿ. ಬಿಸಿ ಇರುವಾಗ ಬೆಲ್ಲ ಕರಗಿರುತ್ತದೆ, ಆರಿತು ಅಂದರೆ ಗಾಜಿನ ಹಾಗೆ ಬಿಗಿಯುತ್ತದೆ, ಆಮೇಲೆ ಕತ್ತರಿಸಲು ಹೋದರೆ ಸೀಳುತ್ತದೆ. ಮರೆತಿರಾ, ಪರವಾಗಿಲ್ಲ, ಪೂರ್ತಿ ಆರಿದ ಮೇಲೆ ಜಾಯಿಕಾಯಿ ತುರಿಯುವ ಸಣ್ಣ ತುರಿಮಣೆಯಿಂದ ಅಂಚನ್ನು ಉಜ್ಜಿ. ಮಿಕ್ಕ ಹಿಟ್ಟು ಮಗನಿಗೆ. ಮರ, ನಾಯಿ, ಏನು ಬೇಕೋ ಮಾಡಲಿ.

ಕಿಟಕಿಗೆ ಬಣ್ಣದ ಗಾಜು ಬೇಕಾದರೆ ಗಟ್ಟಿ ಮಿಠಾಯಿಯನ್ನು ಕುಟ್ಟಿ ಪುಡಿ ಮಾಡಿ, ಗೋಡೆ ಹತ್ತು ನಿಮಿಷ ಬೆಂದ ಮೇಲೆ ಕಿಟಕಿಯ ತೂತಿಗೆ ತುಂಬಿ ಮತ್ತೆ ಒಲೆಗಿಡಿ. ಐದು ನಿಮಿಷದಲ್ಲಿ ಕರಗಿ ಹರಡುತ್ತದೆ. ತಣ್ಣಗಾಗುವವರೆಗೆ ಪೇಪರ್‌ನಿಂದ ಬಿಡಿಸಬೇಡಿ. ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಹೆನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲೂ ಕಾಡಿನ ಮನೆಗೆ ಸಕ್ಕರೆಯದೇ ಕಿಟಕಿ. ಗೋಡೆ ಬ್ರೆಡ್ಡಿನದು, ಚಾವಣಿ ಕೇಕಿನದು. ಜಿಂಜರ್‌ಬ್ರೆಡ್ ಮನೆಗಳು ಮನೆಮನೆಗೆ ಹರಡಿದ್ದು ಆ ಕಥೆಯ ಬೆನ್ನ ಹಿಂದೆ. ಅದಕ್ಕೇ ಜರ್ಮನ್ನರು ಇದನ್ನು ಹೆಕ್ಸನ್‌ಹೌಸ್, ಮಾಟಗಾತಿಯ ಮನೆ ಅಂತಲೂ ಅನ್ನುತ್ತಾರೆ. ಕರಗಿದ ಮಿಠಾಯಿ ಕೈಗೆ ತಾಗಿದರೆ ಬಿಡಿಸಲು ಬರುವುದಿಲ್ಲ, ಚರ್ಮ ಸುಡುತ್ತದೆ. ಒಲೆಯ ಕೆಲಸ ಪೂರ್ತಿ ನಿಮ್ಮದು. ಗೋಡೆ ಅಂಟಿಸಲು ಸಕ್ಕರೆಯನ್ನು ಕ್ಯಾರಮೆಲ್ ಮಾಡಿ ಅದರಲ್ಲಿ ಅದ್ದುವವರೂ ಇದ್ದಾರೆ, ಒಂದು ನಿಮಿಷದಲ್ಲಿ ಬಿಗಿಯುತ್ತದೆ, ನಿಜ. ಚಿಕ್ಕ ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ನಾನು ಅದನ್ನು ಮಾಡುವುದಿಲ್ಲ, ನೀವೂ ಮಾಡಬೇಡಿ.

ಬೆಂದ ಗೋಡೆಗಳನ್ನು ರಾತ್ರಿಯಿಡೀ ಜಾಲರಿಯ ಮೇಲೆ ಬಿಡಿ. ಬೆಳಿಗ್ಗೆ ಒಂದನ್ನು ಬೆರಳಿನಿಂದ ತಟ್ಟಿ ನೋಡಿ, ಮರದ ಹಲಗೆಯ ಹಾಗೆ ಟಕ್ ಅನ್ನಬೇಕು. ಬಗ್ಗಿದರೆ 150 ಡಿಗ್ರಿಯಲ್ಲಿ ಇನ್ನೊಂದು ಏಳೆಂಟು ನಿಮಿಷ ಇಟ್ಟು ತೆಗೆಯಿರಿ.

ಈಗ ಅಂಟು. ಉಪ್ಪು ಹಾಕದ ಡಬ್ಬಿಯ ಕಾಬೂಲಿ ಕಡಲೆ ತಂದು ಅದರ ನೀರನ್ನು ಸೋಸಿ. ಮನೆಯಲ್ಲೇ ಕಡಲೆ ಬೇಯಿಸಿದರೆ ಆ ನೀರನ್ನು ಇನ್ನಷ್ಟು ಕುದಿಸಿ ಇಂಗಿಸಿ, ತಣ್ಣಗಾದ ಮೇಲೆ ಲೋಳೆಯ ಹಾಗೆ ಇರಬೇಕು. ಎರಡು ಮನೆಗೆ 90 ಮಿ.ಲೀ., ಅಂದರೆ 6 ದೊಡ್ಡ ಚಮಚ. ಪಾತ್ರೆಯಲ್ಲಿ ಎಣ್ಣೆ ಜಿಡ್ಡು ಇರಲೇಬಾರದು, ಇದ್ದರೆ ನೊರೆ ಏಳುವುದಿಲ್ಲ. ನಾಲ್ಕು ಹನಿ ನಿಂಬೆರಸ ಹಾಕಿ ಬೀಟರ್‌ನಲ್ಲಿ ನೊರೆ ಎಬ್ಬಿಸಿ, ಸುಮಾರು 600 ಗ್ರಾಂ ಪುಡಿ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಕಡಲೆಯ ವಾಸನೆ ಬರುತ್ತದೆ ಅಂತ ಹೆದರಬೇಡಿ, ಸಕ್ಕರೆ ಬಿದ್ದ ಮೇಲೆ ಗೊತ್ತೇ ಆಗುವುದಿಲ್ಲ. ಹದ ನೋಡುವುದು ಹೀಗೆ: ಚಮಚ ಚುಚ್ಚಿದರೆ ನೆಟ್ಟಗೆ ನಿಲ್ಲಬೇಕು, ಚಾಕುವಿನಿಂದ ಗೀರಿದರೆ ಆ ಗೀರು ಮುಚ್ಚಿಕೊಳ್ಳಬಾರದು. ಮುಚ್ಚಿಕೊಂಡರೆ ಇನ್ನೆರಡು ಚಮಚ ಸಕ್ಕರೆ. ಬಟ್ಟಲಿನ ಮೇಲೆ ಒದ್ದೆ ಬಟ್ಟೆ ಹೊದಿಸಿಡಿ, ಗಾಳಿಗೆ ಹತ್ತೇ ನಿಮಿಷದಲ್ಲಿ ಹೊರಮೈ ಗಟ್ಟಿಯಾಗುತ್ತದೆ. ಝಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆ ಕತ್ತರಿಸಿ, ಮೆಹಂದಿ ಕೋನ್ ಹಿಡಿದ ಹಾಗೆ ಹಿಡಿಯಿರಿ. ಇದು ಮೊಟ್ಟೆಯ ಐಸಿಂಗ್‌ಗಿಂತ ನಿಧಾನ ಒಣಗುತ್ತದೆ, ಎರಡರಷ್ಟು ಹೊತ್ತು ಬೇಕು ಅಂತ ಇಟ್ಟುಕೊಳ್ಳಿ.

ಶನಿವಾರ ಬೆಳಿಗ್ಗೆ ಮಕ್ಕಳ ದಿನ. ಚಿಕ್ಕವನಿಗೂ ಕೆಲಸ ಬೇಕು ಅಂದಿರಲ್ಲ, ಅವನಿಗೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ. ಮನೆ ಕಟ್ಟಿದ ಮೇಲೆ ಅಲಂಕಾರ ಮಾಡುವುದು ಬೇಡ, ಗೋಡೆಗಳು ಮೇಜಿನ ಮೇಲೆ ಮಲಗಿರುವಾಗಲೇ ಮಾಡಿಸಿ. ನಿಂತ ಗೋಡೆಗೆ ನಾಲ್ಕು ವರ್ಷದ ಕೈ ಮಿಠಾಯಿ ಒತ್ತಿದರೆ ಒಂದೋ ಮಿಠಾಯಿ ಜಾರುತ್ತದೆ, ಇಲ್ಲ ಗೋಡೆಯೇ ಹೋಗುತ್ತದೆ. ಮಲಗಿದ ಗೋಡೆಗೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಅಂಚಿನಿಂದ ಒಂದು ಸೆಂ.ಮೀ. ಖಾಲಿ ಬಿಡಬೇಕು, ಅಂಟು ಹಚ್ಚಲು. ಅದಕ್ಕೆ ಐಸಿಂಗ್‌ನಲ್ಲಿ ನೀವೇ ಒಂದು ಗೆರೆ ಎಳೆದು, ಇದು ಬೇಲಿ, ಬೇಲಿ ದಾಟಬಾರದು ಅನ್ನಿ, ಕೇಳುತ್ತಾರೆ. ಚಾವಣಿಯ ಹಲಗೆಗೂ ಹೀಗೇ, ಆದರೆ ಅಲ್ಲಿ ಹಗುರವಾದದ್ದು ಮಾತ್ರ, ಬಾದಾಮಿ ಚೂರು, ಕೊಬ್ಬರಿ ತುರಿ ಹೀಗೆ.

ದಯವಿಟ್ಟು ಮಕ್ಕಳು ಇಟ್ಟದ್ದನ್ನು ನೇರ ಮಾಡಬೇಡಿ. ನನಗೆ ಇದರಲ್ಲಿ ಬಹಳ ಕಾಳಜಿ. ತಾಯಿಯೊಬ್ಬರು ಮಗು ಇಟ್ಟ ಮಿಠಾಯಿಯನ್ನು ಪ್ರೀತಿಯಿಂದಲೇ ಒಂಚೂರು ಪಕ್ಕಕ್ಕೆ ಸರಿಸುತ್ತಾರೆ, ಎರಡನೇ ಸಲ ಸರಿಸುವ ಹೊತ್ತಿಗೆ ಮಗು ಕೈ ಮಡಿಚಿ ಕೂತಿರುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಎರ್ಲಾಂಗನ್‌ನಿಂದ ಬರುವ ನಮ್ಮ ಕನ್ನಡದ ಹುಡುಗಿಯೊಬ್ಬಳು, ಐದು ವರ್ಷ ಇರಬೇಕು, ಒಂದು ಸಲ ಗೋಡೆಯನ್ನು ಬೋರಲು ಹಾಕಿ ಕೆಂಪು ಮಿಠಾಯಿಗಳನ್ನೆಲ್ಲ ಒಳಗಿನ ಬದಿಗೆ ಅಂಟಿಸುತ್ತಿದ್ದಳು. ಹೊರಗಿನ ಬದಿ ಖಾಲಿ. ‘ಯಾಕೆ ಪುಟ್ಟಾ ಒಳಗೆ?’ ಅಂದೆ. ತಲೆ ಎತ್ತದೆ ಹೇಳಿದಳು, ‘ಒಳಗಿರೋರಿಗೂ ಕಾಣಬೇಕಲ್ಲ.’ ಆ ಮನೆ ನಿಂತ ಮೇಲೆ ಒಳಗೆ ಸಣ್ಣ ಬ್ಯಾಟರಿ ದೀಪ ಇಟ್ಟೆವು. ಬಾಗಿಲಿನ ಸಂದಿಯಲ್ಲಿ ಇಣುಕಿದರೆ ಕೆಂಪು ಚುಕ್ಕೆಗಳ ಸಾಲು. ಉಳಿದ ಮಕ್ಕಳೆಲ್ಲ ನೆಲಕ್ಕೆ ಮಂಡಿಯೂರಿ ಒಬ್ಬೊಬ್ಬರಾಗಿ ನೋಡಿದರು.

ಮಿಠಾಯಿ ತರುವಾಗ ಪೊಟ್ಟಣದ ಹಿಂದೆ ಓದಿ. ಇಲ್ಲಿನ ಗಮ್ಮಿ ಬೇರ್, ಮಾರ್ಷ್‌ಮೆಲ್ಲೊಗಳಲ್ಲಿ ಹೆಚ್ಚಿನವಕ್ಕೆ ಗೆಲಟಿನ್ ಹಾಕಿರುತ್ತಾರೆ, ಬಹಳ ಸಲ ಅದು ಹಂದಿಯದು. ‘ಓನೆ ಗೆಲಾಟಿನೆ’, ಅಂದರೆ ಗೆಲಟಿನ್ ಇಲ್ಲ, ಅಂತ ಬರೆದಿದ್ದರೂ ಕೆಂಪು ಬಣ್ಣಕ್ಕೆ ಇ 120 ಇದೆಯಾ ನೋಡಿ, ಅದು ಹುಳದಿಂದ ತೆಗೆಯುವ ಬಣ್ಣ. ವೀಗನ್ ಗುರುತು ಇರುವುದನ್ನೇ ತಂದರೆ ಈ ತಲೆನೋವು ಇಲ್ಲ. ಮಗನಿಗೆ 4 ಅಂದಿರಿ, ಇಡೀ ಬಾದಾಮಿ, ದುಂಡನೆಯ ಗಟ್ಟಿ ಮಿಠಾಯಿ ಅವನ ಕೈಗೆ ಬೇಡ. ಅಂಟಿಸುವಾಗ ಒಂದು ಬಾಯಿಗೆ ಹೋಗೇ ಹೋಗುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳಬಾರದು.

ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಗೋಡೆ ನಿಲ್ಲಿಸಿ. ಈ ಕೆಲಸ ದೊಡ್ಡವರದು, ಇದನ್ನು ಮಕ್ಕಳ ಎದುರು ಮಾಡಲೇಬೇಕು ಅಂತೇನಿಲ್ಲ. ಗಟ್ಟಿ ರಟ್ಟು ಅಥವಾ ಮರದ ಮಣೆಯ ಮೇಲೆ ಅಂಟಿನ ದಪ್ಪ ಗೆರೆ ಎಳೆದು ಹಿಂದಿನ ಗೋಡೆ ಇಡಿ, ಅದಕ್ಕೆ ಒಳಗಿನಿಂದ ಸ್ಟೀಲ್ ಲೋಟ ಆನಿಸಿ. ಪಕ್ಕದ ಗೋಡೆ ಎರಡೂ ಮುಂದಿನ, ಹಿಂದಿನ ಗೋಡೆಗಳ ನಡುವೆ ಕೂರಬೇಕು, ಹೊರಗಲ್ಲ. ಒಳಗಿನ ಮೂಲೆಗಳಿಗೆಲ್ಲ ಅಂಟನ್ನು ಧಾರಾಳವಾಗಿ ತುಂಬಿ, ಹೊರಗೆ ಕಾಣುವುದಿಲ್ಲ. ಹೊರಗಿನಿಂದಲೂ ಒಂದೊಂದು ಡಬ್ಬಿ ಒತ್ತು ಕೊಡಿ. ಹೊರಗಿನವು ಹಾಗೇ ಇರಲಿ, ಒಳಗಿನ ಲೋಟಗಳನ್ನು ಬೆಳಿಗ್ಗೆ ತೆಗೆದರೆ ಆಯಿತು. ಚಾವಣಿಯನ್ನು ಈಗಲೇ ಇಡುವ ಆಸೆ ಆಗುತ್ತದೆ, ಇಡಬೇಡಿ. ಹೋದ ವರ್ಷ ನಿಮ್ಮ ಗೋಡೆ ಜಾರಿದ್ದು ಹಸಿ ಅಂಟಿನ ಮೇಲೆ ಚಾವಣಿಯ ಭಾರ ಬಿದ್ದು. ಇಳಿಜಾರು ಚಾವಣಿ ಗೋಡೆಯನ್ನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ.

ಭಾನುವಾರ ಬೆಳಿಗ್ಗೆ ಚಾವಣಿ. ಒಂದೊಂದು ಹಲಗೆಯನ್ನೂ ಎರಡು ಮೂರು ನಿಮಿಷ ಕೈಯಲ್ಲಿ ಹಿಡಿದಿರಿ. ಮಗಳು ಒಂದು ಬದಿ, ನೀವು ಒಂದು ಬದಿ ಹಿಡಿಯಬಹುದು, ಹಾಡು ಹೇಳಿಕೊಂಡರೆ ಹೊತ್ತು ಹೋಗುತ್ತದೆ. ಕೆಳಗಿನ ಅಂಚಿಗೆ ಎರಡೂ ಕಡೆ ಸರಿಯಾದ ಎತ್ತರದ ಮಸಾಲೆ ಡಬ್ಬಿ ಇಟ್ಟರೆ ಜಾರುವುದಿಲ್ಲ. ಸಂಜೆವರೆಗೆ ಮುಟ್ಟಬೇಡಿ. ಸಂಜೆ ಡಬ್ಬಿ ತೆಗೆದು, ಚಾವಣಿ ಕೂಡಿದ ಸಂದಿಗೆ ಅಂಟು ಎಳೆದು ಮುಚ್ಚಿ, ಮಿಕ್ಕ ಐಸಿಂಗ್‌ಗೆ ಎರಡು ಹನಿ ನೀರು ಹಾಕಿ ಮಗನ ಕೈಗೆ ಕೊಡಿ, ಹಿಮ ಸುರಿಸುವುದು ಅವನ ಕೆಲಸ. ಅವನು ಮಾಡಿದ ನಾಯಿ, ಮರ ಎಲ್ಲ ಅಂಗಳದಲ್ಲಿ ನಿಲ್ಲಲಿ.

ಒಂದು ಗೋಡೆ ಮುರಿದರೆ ಹಿಂದಿನಿಂದ ಬಿಸ್ಕತ್ತಿನ ಪಟ್ಟಿ ಇಟ್ಟು ಅಂಟಿಸಿ, ಎದುರಿನ ಬಿರುಕಿನ ಮೇಲೆ ಐಸಿಂಗ್‌ನ ಬಳ್ಳಿ ಹಬ್ಬಿಸಿ. ಇಡೀ ಮನೆಯೇ ಬಿದ್ದರೆ ಮಗನಿಗೆ ಬರ್ಗೆನ್ ಊರಿನ ಕಥೆ ಹೇಳಿ. ನಾರ್ವೆಯ ಆ ಊರಿನಲ್ಲಿ 1991ರಿಂದ ಜಿಂಜರ್‌ಬ್ರೆಡ್‌ನದೇ ಒಂದು ಪಟ್ಟಣ ಕಟ್ಟುತ್ತಾ ಬಂದಿದ್ದಾರೆ. ಶಿಶುವಿಹಾರದ ಮಕ್ಕಳು, ಶಾಲೆಗಳು, ಮನೆಮಂದಿ ಎಲ್ಲ ಸೇರಿ ಮಾಡಿ ತಂದಿಡುತ್ತಾರೆ. 2009ರಲ್ಲಿ ಯಾರೋ ರಾತ್ರಿ ನುಗ್ಗಿ ಅದನ್ನೆಲ್ಲ ಪುಡಿ ಮಾಡಿಬಿಟ್ಟರು. ಊರಿನವರು ಮತ್ತೆ ಹಿಟ್ಟು ಕಲಸಿದರು, ಅದೇ ವರ್ಷ ಪಟ್ಟಣ ಮತ್ತೆ ಎದ್ದು ನಿಂತಿತು.

ಮುಂದೆ ಯಾವತ್ತಾದರೂ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮಾಡುವುದಾದರೆ ಬೆಂಗಳೂರಿನಲ್ಲಿ ತೊಂದರೆ ಇಲ್ಲ, ಗಾಳಿ ಅಷ್ಟು ತೇವ ಇರುವುದಿಲ್ಲ. ಚಾವಣಿಗೆ ಮಾರಿ ಬಿಸ್ಕತ್ತಿನ ಹೆಂಚು, ಗೋಡೆಗೆ ಜೆಮ್ಸ್, ಹಿಮಕ್ಕೆ ಕೊಬ್ಬರಿ ತುರಿ, ಎಲ್ಲ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯಾದರೆ ಕಡಲ ಗಾಳಿಗೆ ಸಕ್ಕರೆ ನೀರೆಳೆದು ಗೋಡೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಅಲ್ಲಿ ಇದಕ್ಕಿಂತ ಕುಸ್ವಾರ್, ಅಂದರೆ ಅಲ್ಲಿನ ಕ್ರಿಸ್‌ಮಸ್ ತಿಂಡಿಗಳನ್ನು, ಮಾಡುವ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಫೋರ್ಕ್ ಬೆನ್ನಿನ ಮೇಲೆ ಹಿಟ್ಟು ಸುತ್ತಿ ಕಿಡ್ಯೊ ಅನ್ನುವ ತಿಂಡಿ ಮಾಡಲು ಕೂರಿಸಿ. ಆ ಮೇಜಿನ ಸುತ್ತ ಮಕ್ಕಳಿಗೆ ಯಾವತ್ತೂ ಜಾಗ ಇರುತ್ತದೆ.

ಇನ್ನು ತಿನ್ನುವುದು. ಮೊದಲ ಅಡ್ವೆಂಟ್ ಭಾನುವಾರಕ್ಕೆ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದಕ್ಕೆ, ಮುಗಿಯುವ ಹಾಗೆ ಶುರು ಮಾಡಿದರೆ ಮನೆ ಕ್ರಿಸ್‌ಮಸ್ ಪೂರ್ತಿ ನಿಂತಿರುತ್ತದೆ. ಇಲ್ಲಿ ಬಹಳ ಜನ ಜನವರಿ 6ರ ಮೂರು ರಾಜರ ಹಬ್ಬದವರೆಗೆ ಇಟ್ಟುಕೊಳ್ಳುತ್ತಾರೆ, ಸ್ವೀಡನ್‌ನಲ್ಲಿ ಜನವರಿ 13ರಂದು ಮಕ್ಕಳು ಸೇರಿ ಒಡೆದು ತಿನ್ನುತ್ತಾರೆ. ಅಷ್ಟು ದಿನ ಇಡುವುದಾದರೆ ರಾತ್ರಿ ಹೊತ್ತು ಮೇಲೊಂದು ತೆಳು ಬಟ್ಟೆ ಹೊದಿಸಿ, ಧೂಳು ಕೂರದಿರಲಿ. ಅಡುಗೆಮನೆಯ ಹಬೆ ತಾಗದ ಜಾಗದಲ್ಲಿಡಿ. ಒಡೆಯುವ ದಿನ ಮೊದಲ ಏಟು ಮಗನದು. ಒಣಗಿದ ಗೋಡೆ ಹಲ್ಲಿಗೆ ಗಟ್ಟಿ, ಹಾಗೇ ಕಡಿಯಬೇಡಿ. ಮಿಠಾಯಿ ಕಿತ್ತು ತೆಗೆದು, ಚೂರುಗಳನ್ನು ಒಂದು ಡಬ್ಬಿಗೆ ಹಾಕಿ, ಜೊತೆಗೆ ಸೇಬಿನ ಸಿಪ್ಪೆ ಎರಡು ಇಟ್ಟು ಮುಚ್ಚಿ. ಸಿಪ್ಪೆಯನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಎರಡು ದಿನಕ್ಕೆ ಮೆತ್ತಗಾಗುತ್ತದೆ. ಅಷ್ಟು ಕಾಯಲು ಆಗದಿದ್ದರೆ ಮಕ್ಕಳಿಗೆ ಬಿಸಿ ಹಾಲಿನಲ್ಲಿ, ನಿಮಗೆ ಚಹಾದಲ್ಲಿ ಅದ್ದಿಕೊಂಡು ತಿನ್ನಿ.